ಘಾಟ್ ಹತ್ತುವಾಗ ನಿಲ್ಲುವ ಹಳೆಯ ಪಿಕಪ್: ದೂರದ ಪ್ರಯಾಣಕ್ಕೆ ಮುನ್ನ ದೋಷ ಪತ್ತೆಯ ಕ್ರಮ

ಪುಣೆಯಿಂದ ಬೆಳಗಾವಿ, ಧಾರವಾಡಗಳ ಕಡೆಗೆ ಹಳೆಯ ಪೆಟ್ರೋಲ್ ಪಿಕಪ್ಪಿನಲ್ಲಿ ಹೊರಡುವವರ ದೂರು ಬಹುಮಟ್ಟಿಗೆ ಒಂದೇ ಬಗೆಯದು. ಬೆಳಿಗ್ಗೆ ಗಾಡಿ ಒಂದೇ ಸಲದ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಗುತ್ತದೆ, ಊರೊಳಗೆ ಸರಾಗವಾಗಿ ಓಡುತ್ತದೆ, ಕಾತ್ರಜ್ ದಾಟುವವರೆಗೂ ಯಾವ ತಕರಾರೂ ಇರುವುದಿಲ್ಲ. ಆದರೆ ಬಿಸಿಲೇರಿದ ಮೇಲೆ ಸಾತಾರಾ ದಾರಿಯ ಖಂಬಾಟ್ಕಿ ಘಾಟಿನ ನಡುವೆ, ಭಾರ ಹೊತ್ತು ಎರಡನೇ ಗೇರಿನಲ್ಲಿ ಹತ್ತುತ್ತಿರುವಾಗ ಎಂಜಿನ್ ನಿಂತುಬಿಡುತ್ತದೆ. ಅರ್ಧ ಗಂಟೆ ಬಾನೆಟ್ ತೆರೆದಿಟ್ಟರೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತದೆ. ಗ್ಯಾರೇಜಿಗೆ ಒಯ್ದಾಗ ದೋಷ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಕೊನೆಗೆ ಕಾರ್ಬ್ಯುರೇಟರ್ ಕಿಟ್ಟನ್ನೂ ಬದಲಾಯಿಸಿ ಬಿಲ್ಲು ಕೊಡುತ್ತಾರೆ. ಮುಂದಿನ ಘಾಟಿನಲ್ಲಿ ಗಾಡಿ ಮತ್ತೆ ನಿಲ್ಲುತ್ತದೆ.

ಬಿಸಿಯಾದಾಗ ಮಾತ್ರ ತೋರುವ ದೋಷವನ್ನು ಬಿಸಿಯಿರುವಾಗಲೇ ಪರೀಕ್ಷಿಸಬೇಕು. ಎಂಜಿನ್ ನಿಂತ ಮೇಲಿನ ಮೊದಲ ಕೆಲವು ನಿಮಿಷಗಳಲ್ಲಿ ಸಿಗುವ ಸುಳಿವು ಮರುದಿನ ತಣ್ಣಗಿನ ಗಾಡಿಯ ಮುಂದೆ ದಿನವಿಡೀ ಕುಳಿತರೂ ಸಿಗದು. ಆದ್ದರಿಂದ ಹೊರಡುವ ದಿನಕ್ಕೆ ಎರಡು ಮೂರು ವಾರ ಮೊದಲೇ, ಮನೆಗೆ ಹತ್ತಿರವಾದ ಹಳೆಯ ಕಾತ್ರಜ್ ಘಾಟಿನಲ್ಲೋ, ಕೋಂಢ್ವಾದ ಆಚೆಯ ಬೋಪ್‌ದೇವ್ ಘಾಟಿನಲ್ಲೋ, ಸಾಸ್ವಡ್ ದಾರಿಯ ದಿವೆ ಘಾಟಿನಲ್ಲೋ, ನಡುಮಧ್ಯಾಹ್ನದಲ್ಲಿ, ಪ್ರಯಾಣದ ದಿನ ಹೇರುವಷ್ಟೇ ಭಾರ ಹೇರಿಕೊಂಡು ಗಾಡಿಯನ್ನು ಬೇಕೆಂದೇ ದುಡಿಸಿ ದೋಷವನ್ನು ಹೊರಗೆಳೆಯುವುದು ಉಚಿತ. ಮನೆಯಿಂದ ಹತ್ತಿರದಲ್ಲಿ ನಿಂತ ಗಾಡಿಯನ್ನು ಎಳೆದು ತರುವುದು ಸುಲಭ. ನಿಪ್ಪಾಣಿಯಾಚೆಯ ಸ್ತವನಿಧಿ ಘಾಟಿನಲ್ಲಿ ನಿಂತದ್ದನ್ನು ಎಳೆಸುವ ಖರ್ಚು ಬೇರೆಯೇ.

ಇಲ್ಲಿ ಕೊಟ್ಟಿರುವ ಅಳತೆಗಳು ಅಮೆರಿಕದ ಜೀಪ್ ತಯಾರಕ ವಿಲ್ಲಿಸ್ ವಂಶದ ಪಿಕಪ್‌ಗಳಲ್ಲಿರುವ ಹರಿಕೇನ್ ಎಂಜಿನ್ನಿಗೆ ಸಂಬಂಧಿಸಿದವು. ನಾಲ್ಕು ಸಿಲಿಂಡರುಗಳ ಈ 2.2 ಲೀಟರ್ ಎಂಜಿನ್ನಿನಲ್ಲಿ ಇನ್ಲೆಟ್ ವಾಲ್ವ್ ಹೆಡ್ಡಿನಲ್ಲೂ ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲೂ ಇರುತ್ತವೆ. ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-3-4-2. ಮುಂಬೈನ ಮಝಗಾಂವ್‌ನಲ್ಲಿ ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿದ್ದರ ಫಲವಾಗಿ ಈ ವಂಶದ ಬಿಡಿಭಾಗಗಳು ಪುಣೆಯ ನಾನಾ ಪೇಠೆಯಲ್ಲಿ ವಿಚಾರಿಸಿದರೆ ಇಂದಿಗೂ ಸಿಗುತ್ತವೆ. ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸುತ್ತಿದ್ದ ಡಾಡ್ಜ್, ಫಾರ್ಗೋ ಗಾಡಿಗಳಿಗೂ ಪರೀಕ್ಷೆಯ ಕ್ರಮ ಇದೇ, ಅಳತೆಗಳು ಮಾತ್ರ ಬೇರೆ. ಡೀಸೆಲ್ ಎಂಜಿನ್ ಕೂರಿಸಿಕೊಂಡಿರುವ ಗಾಡಿಗಳಿಗೆ ರೇಡಿಯೇಟರಿನ ಭಾಗವೊಂದನ್ನು ಬಿಟ್ಟರೆ ಉಳಿದದ್ದು ಅನ್ವಯಿಸುವುದಿಲ್ಲ.

ನಿಂತ ಕೂಡಲೇ ನೋಡಬೇಕಾದದ್ದು

ಮೊದಲ ಸುಳಿವು ಎಂಜಿನ್ ನಿಂತ ರೀತಿಯಲ್ಲೇ ಇರುತ್ತದೆ. ಕೀಲಿ ತಿರುಗಿಸಿ ಆರಿಸಿದಂತೆ ಥಟ್ಟನೆ ನಿಂತರೆ ಕರೆಂಟಿನ ಕಡೆ ಅನುಮಾನ ಪಡಬೇಕು. ಜಗ್ಗುತ್ತ, ಕಾರ್ಬ್ಯುರೇಟರಿನಿಂದ ಕೆಮ್ಮುತ್ತ, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುತ್ತ ನಿಂತರೆ ಪೆಟ್ರೋಲಿನ ಕಡೆ ನೋಡಬೇಕು. ಇದು ತೀರ್ಪಲ್ಲ, ದಿಕ್ಕು ಮಾತ್ರ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಬಿಸಿಗೆ ಸೋತಾಗ ಕೂಡ ಎಂಜಿನ್ ಕೆಲವೊಮ್ಮೆ ಮಿಸ್ಸಿಂಗ್ ಹೊಡೆಯುತ್ತಲೇ ನಿಲ್ಲುತ್ತದೆ.

ಗಾಡಿಯನ್ನು ಎಡಬದಿಗೆ ತಂದು, ಹ್ಯಾಂಡ್‌ಬ್ರೇಕನ್ನಷ್ಟೇ ನಂಬದೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಮಾಡಬೇಕಾದ ಮೊದಲ ಕೆಲಸ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯುವುದು. ತೆರೆಯುವಾಗ ಗಾಳಿ ಒಳಕ್ಕೆ ಹೀರಿಕೊಳ್ಳುವ ಸದ್ದು ಕೇಳಿದರೆ ಮುಚ್ಚಳದ ಉಸಿರುಗಂಡಿ ಕಟ್ಟಿದೆ ಎಂದರ್ಥ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಏರ್ಪಟ್ಟು ಪಂಪು ಹೀರಲಾರದೆ ಸೋಲುತ್ತದೆ. ನಿಂತ ಗಾಡಿಯಲ್ಲಿ ನಿಧಾನವಾಗಿ ಗಾಳಿ ಸೇರಿಕೊಂಡು ಅರ್ಧ ಗಂಟೆಯಲ್ಲಿ ಎಲ್ಲವೂ ಸರಿಯಾಗುತ್ತದೆ. ಇದನ್ನು ಎಂಜಿನ್ ಬಿಸಿಯ ದೋಷವೆಂದು ತಿಳಿದು ತಿಂಗಳುಗಟ್ಟಲೆ ಅಲೆಯುವವರಿದ್ದಾರೆ. ಅಂಗಡಿಯಲ್ಲಿ ಸಿಗುವ ಹೊಸ ಮುಚ್ಚಳಗಳಲ್ಲಿ ಹಲವಕ್ಕೆ ಗಂಡಿಯೇ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಎರಡನೆಯದು ಏರ್ ಕ್ಲೀನರಿನ ಕೊಳವೆ ಬಿಚ್ಚಿ ಕಾರ್ಬ್ಯುರೇಟರಿನ ಬಾಯೊಳಗೆ ನೋಡುವುದು. ಎಂಜಿನ್ ನಿಂತಿರುವಾಗಲೇ ಥ್ರಾಟಲ್ ಲಿವರನ್ನು ಕೈಯಿಂದ ಚುರುಕಾಗಿ ತೆರೆದರೆ ಆಕ್ಸಿಲರೇಟರ್ ಪಂಪಿನ ಸಣ್ಣ ರಂಧ್ರದಿಂದ ಪೆಟ್ರೋಲ್ ತೆಳುವಾದ, ಎಡೆಬಿಡದ ಧಾರೆಯಾಗಿ ಚಿಮ್ಮಬೇಕು. ಧಾರೆ ಬಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನಲ್ಲಿ ಪೆಟ್ರೋಲ್ ಇದೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪನ್ನು ಸದ್ಯಕ್ಕೆ ಮರೆತು ಕರೆಂಟಿನ ಕಡೆ ಹೋಗಬಹುದು. ಒಣ ಉಸಿರು ಮಾತ್ರ ಬಂದರೆ ಬೌಲು ಬರಿದಾಗಿದೆ. ಧಾರೆಯೂ ಬಾರದೆ ಬಾಯಿಯ ಒಳಗೋಡೆ ಮಾತ್ರ ತೊಯ್ದು ಪೆಟ್ರೋಲಿನ ಗಾಢ ವಾಸನೆ ಬರುತ್ತಿದ್ದರೆ ಬೌಲಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಉಕ್ಕಿದೆ. ಆಗ ಆಕ್ಸಿಲರೇಟರನ್ನು ಪದೇಪದೇ ಒತ್ತದೆ, ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಕಪ್ಪು ಹೊಗೆಯುಗುಳಿ ಎಂಜಿನ್ ಎದ್ದುಕೊಳ್ಳುತ್ತದೆ.

ಮೂರನೆಯದು ಕಿಡಿಯ ಪರೀಕ್ಷೆ. ಒಂದು ಪ್ಲಗ್ಗಿನ ವೈರ್ ಕಳಚಿ, ಜೊತೆಯಲ್ಲಿಟ್ಟುಕೊಂಡ ಹಳೆಯ ಪ್ಲಗ್ಗಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಬ್ಲಾಕಿಗೆ ಗಟ್ಟಿಯಾಗಿ ತಾಗಿಸಿ ಸೆಲ್ಫ್ ಹೊಡೆಸಬೇಕು. ಚಟಚಟ ಸದ್ದಿನ ನೀಲಿ ಕಿಡಿ ಆರೋಗ್ಯದ ಲಕ್ಷಣ. ಹಳದಿಗೆ ತಿರುಗಿದ, ಬಂದು ಬಂದು ಮಾಯವಾಗುವ ಕಿಡಿ ದೋಷದ ಲಕ್ಷಣ. ಕಾರ್ಬ್ಯುರೇಟರಿನ ಸುತ್ತ ಪೆಟ್ರೋಲ್ ಚೆಲ್ಲಿದ್ದರೆ ಈ ಪರೀಕ್ಷೆ ಕೂಡದು. ಡ್ರೈ ಪೌಡರ್ ಬೆಂಕಿ ನಂದಕವನ್ನು ಸಾಮಾನಿನ ಅಡಿಯಲ್ಲಿ ಹೂತಿಡದೆ ಕೈಗೆಟುಕುವಲ್ಲಿ ಇಟ್ಟುಕೊಂಡೇ ಈ ಕೆಲಸಗಳಿಗೆ ಇಳಿಯಬೇಕು.

ಇದಕ್ಕಿಂತ ಮೊದಲು ಯಾವುದರ ಮೇಲೂ ನೀರು ಸುರಿಯಬಾರದು. ಪುಣೆಯ ಗ್ಯಾರೇಜುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಮಿಸ್ತ್ರಿಗಳು ಸಿಗುವುದು ಹೊಸದೇನಲ್ಲ, ಅಂಥವರೊಬ್ಬರು ಹೇಳಿದ ಮಾತು ಯಾವ ಸರ್ವಿಸ್ ಮ್ಯಾನುಯೆಲ್ಲಿಗೂ ಕಡಿಮೆಯಿಲ್ಲ: "ನೀರ ಎಲ್ಲಾ ಕಡೆ ಹಾಕಬ್ಯಾಡ್ರಿ ಸರ. ಒಂದ ಕಡೆ ಹಾಕಿ, ಚಾಲೂ ಆಗ್ತದೇನು ನೋಡ್ರಿ." ಒದ್ದೆ ಬಟ್ಟೆಯನ್ನು ಪಂಪಿಗೆ ಮಾತ್ರ ಸುತ್ತಿದಾಗ ಒಂದೆರಡು ನಿಮಿಷಗಳಲ್ಲಿ ಎಂಜಿನ್ ಎದ್ದರೆ ದೋಷ ಪೆಟ್ರೋಲಿನದು, ಪಂಪನ್ನು ಮುಟ್ಟದೆ ಕಾಯಿಲಿನ ಡಬ್ಬಿಗೆ ಮಾತ್ರ, ಮೇಲಿನ ಟರ್ಮಿನಲ್‌ಗಳಿಗೆ ತಾಗದಂತೆ ಸುತ್ತಿದಾಗ ಎದ್ದರೆ ಕಾಯಿಲಿನದು. ಎರಡಕ್ಕೂ ಒಟ್ಟಿಗೆ ನೀರು ಹೊಡೆದರೆ ಗಾಡಿ ಚಾಲೂ ಆಗಬಹುದು, ಆದರೆ ಕಾರಣ ತಿಳಿಯುವ ಅವಕಾಶ ಆ ದಿನಕ್ಕೆ ಕೈತಪ್ಪುತ್ತದೆ.

ಪೆಟ್ರೋಲ್ ಬಾರದಿದ್ದರೆ

ಬೌಲು ಬರಿದಾಗಿದೆಯೆಂದು ಖಚಿತವಾದ ಮೇಲೆ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಎಲ್ಲಿ ತಡೆಯಾಗಿದೆ ಎಂದು ನೋಡಬೇಕು. ಗ್ಯಾರೇಜಿನಲ್ಲಿ ಎ.ಸಿ. ಪಂಪ್ ಎಂದೇ ಕರೆಯುವ ಯಾಂತ್ರಿಕ ಪಂಪು ಎಂಜಿನ್ನಿನ ಪಕ್ಕಕ್ಕೇ ಬಿಗಿದಿರುವುದರಿಂದ ಬ್ಲಾಕಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆಯಲ್ಲಿ ಪೆಟ್ರೋಲ್ ಹೀರುವಿಕೆಗೆ ಒಳಗಾಗಿರುತ್ತದೆ. ಒತ್ತಡ ಕಡಿಮೆಯಾದಲ್ಲಿ ಯಾವ ದ್ರವವಾದರೂ ಬೇಗ ಕುದಿಯುವುದರಿಂದ ಪೆಟ್ರೋಲಿನ ಆವಿ ಕೊಳವೆಯನ್ನು ಕಟ್ಟುವ ಏರ್ ಲಾಕ್ ಮೊದಲು ಕಾಣಿಸಿಕೊಳ್ಳುವುದು ಈ ಭಾಗದಲ್ಲಿ. ಟ್ಯಾಂಕು ಹಿಂದಿರುವ ಗಾಡಿ ಏರುಮುಖವಾಗಿ ನಿಂತಾಗ ಪಂಪು ಟ್ಯಾಂಕಿಗಿಂತ ಇನ್ನಷ್ಟು ಎತ್ತರಕ್ಕೆ ಹೋಗಿ ಹೀರುವ ಶ್ರಮ ಹೆಚ್ಚುತ್ತದೆ. ಘಾಟಿನಲ್ಲೇ ಏಕೆ, ಸಮತಟ್ಟಿನಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದು. ಉಳಿದರ್ಧ, ನಿಧಾನ ವೇಗದಲ್ಲಿ ರೇಡಿಯೇಟರಿನ ಮೂಲಕ ನುಗ್ಗುವ ಗಾಳಿ ಕಡಿಮೆ ಮತ್ತು ಎಂಜಿನ್ ಉಗುಳುವ ಬಿಸಿ ಹೆಚ್ಚು ಎಂಬುದು.

ಇಂದಿನ ಪೆಟ್ರೋಲ್ ಈ ಕಷ್ಟವನ್ನು ಹೆಚ್ಚಿಸಿದೆ. 2023ರಲ್ಲಿ ಮಾರಾಟಕ್ಕೆ ಬಂದ, ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲೇ 2025ರ ಹೊತ್ತಿಗೆ ಹೆಚ್ಚಿನ ಬಂಕುಗಳಲ್ಲಿ ಸಿಗುವಂತಾಯಿತು. ಎಥನಾಲ್ ತಾನೊಂದೇ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಆದರೆ ಪೆಟ್ರೋಲಿನೊಂದಿಗೆ ಬೆರೆತಾಗ ಮಿಶ್ರಣದಲ್ಲಿ ಮೊದಲಿಗಿಂತ ಹೆಚ್ಚು ಪಾಲು 70 ಡಿಗ್ರಿಯೊಳಗೇ ಆವಿಯಾಗುವಂತೆ ಮಾಡುತ್ತದೆ. ಬಿಸಿ ಬಾನೆಟ್ಟಿನೊಳಗೆ ಈ ಉಷ್ಣತೆ ಅಪರೂಪವಲ್ಲ. ಹಳೆಯ ಕಾಲದ ರಬ್ಬರಿನ ಡಯಾಫ್ರಾಮ್, ಹೋಸುಗಳನ್ನು ಎಥನಾಲ್ ಉಬ್ಬಿಸಿ ಮೆತ್ತಗಾಗಿಸುತ್ತದೆ, ಟ್ಯಾಂಕಿನ ಗೋಡೆಗೆ ದಶಕಗಳಿಂದ ಅಂಟಿಕೊಂಡಿದ್ದ ಕಿಟ್ಟವನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ಮಳೆಗಾಲವಿಡೀ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಮಿಶ್ರಿತ ಪದರವಾಗಿ ಬೇರ್ಪಡುತ್ತದೆ. ಕಸ, ನೀರು ತಳಕ್ಕಿಳಿಯುವ ಗಾಜಿನ ಸೆಡಿಮೆಂಟ್ ಬೌಲ್ ಇರುವ ಗಾಡಿಗಳಲ್ಲಿ ಈ ಪದರ ಕಣ್ಣಿಗೇ ಕಾಣುತ್ತದೆ. ಆ ಬೌಲನ್ನು ಕಿತ್ತು ಪ್ಲಾಸ್ಟಿಕ್ ಫಿಲ್ಟರ್ ಹಾಕಿಸುವ ಹುಮ್ಮಸ್ಸು ಅನಗತ್ಯವೆಂದೇ ನನ್ನ ಅಭಿಪ್ರಾಯ.

ಏರ್ ಲಾಕನ್ನೇ ಹೋಲುವ ಇನ್ನೆರಡು ದೋಷಗಳಿವೆ. ಮೊದಲನೆಯದು, ಟ್ಯಾಂಕಿನೊಳಗಿನ ಹೀರುಕೊಳವೆಯ ಜಾಲರಿಗೆ ತುಕ್ಕಿನ ಹಕ್ಕಳೆ ಬಂದು ಅಂಟಿಕೊಳ್ಳುವುದು. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಹೀರುವಿಕೆಯೇ ಅದನ್ನು ಹಿಡಿದಿಟ್ಟಿರುತ್ತದೆ, ಎಂಜಿನ್ ನಿಂತೊಡನೆ ಹಕ್ಕಳೆ ಕಳಚಿ ಕೆಳಗೆ ಬೀಳುತ್ತದೆ, ಆಮೇಲೆ ಏನೂ ಸಿಗುವುದಿಲ್ಲ. ಎರಡನ್ನೂ ಬೇರ್ಪಡಿಸುವ ಬಗೆ ಹೀಗೆ: ಪಂಪಿನ ಕಡೆಯ ಹೋಸು ಕಳಚಿ, ಸೈಕಲ್ ಪಂಪಿನಿಂದ ಟ್ಯಾಂಕಿನತ್ತ ಹಿಂದಕ್ಕೆ ಗಾಳಿ ಊದಿದಾಗ ಒಳಗೆ ಗುಳುಗುಳು ಸದ್ದಾಗಿ, ಪಂಪು ಇನ್ನೂ ಬಿಸಿಯಿರುವಾಗಲೇ ಗಾಡಿ ಎದ್ದು ಓಡಿದರೆ ತುಕ್ಕೇ ಕಾರಣ. ಮೇಲಾಗಿ ತುಕ್ಕಿನ ದೋಷ ಚಳಿಗಾಲದ ಬೆಳಗಿನಲ್ಲಿ, ಸಮತಟ್ಟಾದ ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದಾಗಲೂ ತಲೆಯೆತ್ತುತ್ತದೆ. ಏರ್ ಲಾಕ್ ಹಾಗಲ್ಲ. ಎರಡನೆಯದು, ಹೀರುವ ಕಡೆಯ ಹೋಸಿನ ಸೀಳು. ಒತ್ತಡದ ಕಡೆಯ ಹೋಸು ಸೀಳಿದರೆ ಪೆಟ್ರೋಲ್ ತೊಟ್ಟಿಕ್ಕಿ ತಿಳಿಸುತ್ತದೆ, ಹೀರುವ ಕಡೆಯದು ಸೀಳಿದರೆ ಹೊರಗೆ ಏನೂ ತೋರದೆ ಒಳಕ್ಕೆ ಗಾಳಿ ಸೇರುತ್ತದೆ. ಅಲ್ಲಿನ ರಬ್ಬರನ್ನು ಅನುಮಾನವಿಲ್ಲದಿದ್ದರೂ ಬದಲಾಯಿಸಿಬಿಡುವುದು ಜಾಣತನ. ಎಸ್‌ಎಇ ಜೆ30 ಆರ್9 ಎಂದು ಮೈಮೇಲೆ ಅಚ್ಚಾಗಿರುವ ಹೋಸು ಎಥನಾಲನ್ನು ತಾಳಿಕೊಳ್ಳುತ್ತದೆ.

ಪಂಪೇ ಕಾರಣವೆಂದು ಅನ್ನಿಸಿದರೆ ಗಾಡಿ ನಿಂತಿರುವಾಗ ಮಾತ್ರ ಮಾಡಬಹುದಾದ ಪರೀಕ್ಷೆಯೊಂದಿದೆ. ಸಲೈನ್ ಬಾಟಲಿಯಂತೆ ಸಣ್ಣ ಪೆಟ್ರೋಲ್ ಡಬ್ಬಿಯನ್ನು ಬಾನೆಟ್ಟಿನ ಪಕ್ಕ, ಎಕ್ಸಾಸ್ಟಿನಿಂದ ದೂರ, ಎತ್ತರದಲ್ಲಿ ತೂಗುಹಾಕಿ ನೇರವಾಗಿ ಕಾರ್ಬ್ಯುರೇಟರಿಗೆ ಜೋಡಿಸಿದಾಗ ಬಿಸಿ ಎಂಜಿನ್ ಸರಿಯಾಗಿ ಓಡಿದರೆ ಟ್ಯಾಂಕು, ಕೊಳವೆ, ಪಂಪುಗಳಲ್ಲೇ ದೋಷವಿದೆ. ಆಗಲೂ ಓಡದಿದ್ದರೆ ಕಾರ್ಬ್ಯುರೇಟರಿನ ಬೌಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವನ್ನು ಬಿಚ್ಚಿ ನೋಡಬೇಕು. ಡಬ್ಬಿ ತೂಗಿಸಿಕೊಂಡು ಗಾಡಿ ಓಡಿಸುವುದು ಬೆಂಕಿಗೆ ಆಹ್ವಾನ.

ಪರಿಹಾರದಲ್ಲಿ ಆತುರ ಪಟ್ಟು ಎಲೆಕ್ಟ್ರಿಕ್ ಪಂಪು ಕೊಳ್ಳುವವರು ಒತ್ತಡ ನೋಡಿ ಕೊಳ್ಳಬೇಕು. ಕಾರ್ಬ್ಯುರೇಟರ್ ಗಾಡಿಗೆ ಎರಡರಿಂದ ನಾಲ್ಕು ಪೌಂಡಿನ ಒತ್ತಡ ಸಾಕು. ಇಂಜೆಕ್ಷನ್ ಗಾಡಿಯ ಪಂಪು ಅದರ ಹತ್ತು ಪಟ್ಟಿಗೂ ಹೆಚ್ಚು ತಳ್ಳಿ ನೀಡಲ್ ವಾಲ್ವನ್ನು ದಾಟಿ ಉಕ್ಕಿಸುತ್ತದೆ. ನನ್ನ ಮಟ್ಟಿಗೆ ಹೆಚ್ಚು ಫಲ ಕೊಡುವ ಉಪಾಯವೆಂದರೆ ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ಮೂರು ಬಾಯಿಯ ಫಿಲ್ಟರ್ ಹಾಕಿ, ಮೂರನೆಯ ಬಾಯಿಯಿಂದ ಒಂದೂವರೆ ಮಿಲಿಮೀಟರಿನಷ್ಟು ಸಣ್ಣ ರಂಧ್ರದ ಮೂಲಕ ಟ್ಯಾಂಕಿಗೆ ಹಿಂದಿರುಗುವ ಕೊಳವೆ ಎಳೆಯುವುದು. ಆವಿ ಆ ದಾರಿಯಲ್ಲಿ ಹೊರಟುಹೋಗುತ್ತದೆ, ಪೆಟ್ರೋಲ್ ಸದಾ ಹರಿಯುತ್ತಿದ್ದು ಪಂಪನ್ನೂ ತಣ್ಣಗಿಡುತ್ತದೆ. ಇದರ ಜೊತೆಗೆ ಕೊಳವೆಯನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಸರಿಸಿ, ನಡುವೆ ತಗಡಿನ ಮರೆ ಕೊಟ್ಟು, ಕಾರ್ಬ್ಯುರೇಟರಿನ ಕೆಳಗೆ ಬಿಸಿ ಹಾಯಗೊಡದ ಬೇಕಲೈಟ್ ಪ್ಯಾಕಿಂಗ್ ಕೂರಿಸಬೇಕು. ಕೊಳವೆಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸುವ ಪದ್ಧತಿಯಿಂದ ಯಾವ ಪ್ರಯೋಜನವೂ ಕಂಡಿಲ್ಲ.

ಕಿಡಿ ಬಾರದಿದ್ದರೆ

ಕಿಡಿ ಸೋತಿದ್ದರೆ ಹಳೆಯ ಗಾಡಿಯ ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರೇ ದೊಡ್ಡ ಸಾಕ್ಷಿ. ಸ್ಟಾರ್ಟರ್ ಮೋಟಾರಿನ ಕರೆಂಟು ಈ ಮೀಟರಿನ ಮೂಲಕ ಹಾಯುವುದಿಲ್ಲ, ಕಾಯಿಲಿನದು ಹಾಯುತ್ತದೆ. ಗೇರನ್ನು ನ್ಯೂಟ್ರಲ್‌ಗೆ ತಂದು, ಲೈಟುಗಳನ್ನೆಲ್ಲ ಆರಿಸಿ, ಇಗ್ನಿಷನ್ ಹಾಕಿ ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮುಳ್ಳನ್ನೇ ನೋಡುತ್ತಿರಬೇಕು. ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಮುಚ್ಚಿದಾಗ ಮುಳ್ಳು ಡಿಸ್ಚಾರ್ಜ್ ಕಡೆ ಚೂರು ವಾಲುತ್ತದೆ, ತೆರೆದಾಗ ಸೊನ್ನೆಗೆ ಮರಳುತ್ತದೆ. ಹೀಗೆ ಅದು ಮಿಡಿಯುತ್ತಿದ್ದರೆ ಬ್ಯಾಟರಿಯಿಂದ ಕಾಯಿಲಿಗೆ ಹೋಗುವ ಪ್ರೈಮರಿ ಸರ್ಕ್ಯೂಟು ಕೆಲಸ ಮಾಡುತ್ತಿದೆ. ಮುಳ್ಳು ಡಿಸ್ಚಾರ್ಜಿನಲ್ಲೇ ಅಲ್ಲಾಡದೆ ನಿಂತರೆ ಪಾಯಿಂಟ್ ತೆರೆಯುತ್ತಿಲ್ಲ ಅಥವಾ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಶಾರ್ಟ್ ಆಗಿದೆ. ಸೊನ್ನೆಯಲ್ಲೇ ನಿಂತರೆ ಪಾಯಿಂಟಿನ ಮುಖ ಕೊಳೆಯಾಗಿದೆ, ವೈರ್ ಕಡಿದಿದೆ ಅಥವಾ ಕಾಯಿಲಿನ ಒಳಸುತ್ತು ಬಿಸಿಗೆ ಬಿಟ್ಟುಕೊಂಡಿದೆ. ಮುಳ್ಳು ಮಿಡಿಯುತ್ತಿದ್ದೂ ಕಿಡಿ ಹಳದಿಯಾಗಿದ್ದರೆ ಕಾಯಿಲಿನಲ್ಲಿ ಕಿಡಿ ಕೊಡುವ ಸೆಕೆಂಡರಿ ಸುತ್ತು ಅಥವಾ ಒಳಸಂಪರ್ಕ ಕಳಚಿದ ಕಂಡೆನ್ಸರ್ ಮೇಲೆ ಅನುಮಾನ ಬರುತ್ತದೆ. ಬ್ಯಾಟರಿ ಸೋತು ಹ್ಯಾಂಡಲ್ ಹಾಕಿ ತಿರುಗಿಸಬೇಕಾಗಿ ಬಂದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಬೇಕು. ಬಿಸಿ ಎಂಜಿನ್ ಹಿಂದಕ್ಕೆ ಒದೆಯಬಹುದು.

ಕಾಯಿಲ್ ಸುಡುವುದಕ್ಕೆ ಆಗಾಗ ಸಿಗುವ ಕಾರಣ 6 ವೋಲ್ಟಿನ ಗಾಡಿಯನ್ನು 12 ವೋಲ್ಟಿಗೆ ಬದಲಾಯಿಸಿದವರ ಅರ್ಧ ಕೆಲಸ. ಕರೆಂಟನ್ನು ಮಿತಿಯಲ್ಲಿಡುವ ಬ್ಯಾಲಾಸ್ಟ್ ರೆಸಿಸ್ಟರಿನೊಂದಿಗೆ ಬಳಸಬೇಕಾದ ಕಾಯಿಲಿನ ಪ್ರೈಮರಿ ಸುಮಾರು 1.5 ಓಮ್ ಇರುತ್ತದೆ, ಬ್ಯಾಲಾಸ್ಟ್ ಬೇಡದ 12 ವೋಲ್ಟಿನ ಕಾಯಿಲ್ ಸುಮಾರು 3 ಓಮ್. ಮೊದಲನೆಯದನ್ನು ನೇರವಾಗಿ 12 ವೋಲ್ಟಿಗೆ ಜೋಡಿಸಿದರೆ 4 ಆಂಪಿಯರ್ ಹರಿಯಬೇಕಾದಲ್ಲಿ 8 ಆಂಪಿಯರ್ ಹರಿದು ಕಾಯಿಲ್ ಕೈ ಇಡಲಾಗದಷ್ಟು ಕಾಯುತ್ತದೆ, ಪಾಯಿಂಟಿನ ಮುಖ ನೀಲಿಗಟ್ಟುತ್ತದೆ. ಮಲ್ಟಿಮೀಟರಿನಿಂದ ಒಂದು ನಿಮಿಷದಲ್ಲಿ ತಿಳಿಯುವ ಸಂಗತಿ ಇದು.

ಕಂಡೆನ್ಸರಿನ ವಿಷಯ ಬೇರೆ. ಅದರ ಬೆಲೆ ಕಡಿಮೆಯೆಂದು ಎಲ್ಲರೂ ಮೊದಲು ಅದನ್ನೇ ಬದಲಾಯಿಸುತ್ತಾರೆ. ಆದರೆ ಈಗ ಸಿಗುವ ಹೊಸ ಕಂಡೆನ್ಸರುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಕೆಪಾಸಿಟಿ ಅಳೆಯುವ ಮೀಟರಿನಲ್ಲಿ 0.2ರಿಂದ 0.3 ಮೈಕ್ರೋಫ್ಯಾರಡ್ ತೋರಿಸುವುದನ್ನು, ಹೇರ್ ಡ್ರೈಯರಿನಿಂದ ಚೆನ್ನಾಗಿ ಕಾಯಿಸಿ ಮತ್ತೆ ಅಳೆದಾಗಲೂ ಅಷ್ಟೇ ತೋರಿಸುವುದನ್ನು ಖಾತ್ರಿಪಡಿಸಿಕೊಂಡೇ ಹಾಕಬೇಕು. ಬುಧವಾರ, ಭಾನುವಾರಗಳಂದು ಸೇರುವ ಪುಣೆಯ ಜುನಾ ಬಜಾರಿನಲ್ಲಿ ಸಿಕ್ಕ ಹಳೆಯ ಸ್ಟಾಕಿನದಾದರೂ ಸರಿ, ಈ ಪರೀಕ್ಷೆಯಿಲ್ಲದೆ ಕೂಡದು. ಗಾಡಿಯಲ್ಲಿ ಸರಿಯಾಗಿ ಓಡುತ್ತಿರುವ ಕಂಡೆನ್ಸರನ್ನು, ದೂರ ಹೊರಟಿದ್ದೇವೆಂಬ ಒಂದೇ ಕಾರಣಕ್ಕೆ ತೆಗೆಯಬಾರದು. ಪಾಯಿಂಟಿನ ಒಂದು ಮುಖದಲ್ಲಿ ಕುಳಿಯೂ ಎದುರಿನ ಮುಖದಲ್ಲಿ ಅದಕ್ಕೆ ಹೊಂದುವ ಮೊನೆಯೂ ಎದ್ದಿದ್ದರೆ ಕಂಡೆನ್ಸರಿನ ಅಳತೆ ಹೊಂದುತ್ತಿಲ್ಲವೆಂದು ತಿಳಿಯಬಹುದು. ಪಾಯಿಂಟಿನ ಗ್ಯಾಪು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಆಟೋಲೈಟ್ ಕಂಪನಿಯದಾದರೆ ಒಂದು ಇಂಚಿನ ಸಾವಿರ ಭಾಗಗಳಲ್ಲಿ 20, ಲೂಕಾಸ್ ಆದರೆ 14ರಿಂದ 16. ಗಾಡಿಯ ಹೆಸರಿಗಿಂತ ಡಿಸ್ಟ್ರಿಬ್ಯೂಟರಿನ ಮೈಮೇಲಿನ ಹೆಸರು ಓದಿ ಸಂದು ಅಳೆಯುವ ಫೀಲರ್ ಗೇಜ್ ಆರಿಸಬೇಕು.

ಬಿಸಿಯೇ ಹೆಚ್ಚಾಗಿದ್ದರೆ

ಮೇಲಿನ ಎರಡೂ ದೋಷಗಳಿಗೆ ಮೂಲ, ಎಂಜಿನ್ ಅಗತ್ಯಕ್ಕಿಂತ ಹೆಚ್ಚು ಕಾಯುವುದೇ ಆಗಿರಬಹುದು. ಕಿಡಿ ಹಾರುವ ಹೊತ್ತು, ಅಂದರೆ ಇಗ್ನಿಷನ್ ಟೈಮಿಂಗ್, ಪಿಸ್ಟನ್ ತುತ್ತತುದಿ ತಲುಪುವ ಟಿಡಿಸಿಗೆ 5 ಡಿಗ್ರಿ ಮುಂಚೆ ಇರಬೇಕು. ವೇಗ ಹೆಚ್ಚಿದಂತೆ ಕಿಡಿಯನ್ನು ಇನ್ನಷ್ಟು ಮುಂಚೆ ತರುವ, ಡಿಸ್ಟ್ರಿಬ್ಯೂಟರಿನೊಳಗಿನ ಅಡ್ವಾನ್ಸ್ ತೂಕಗಳು ಗ್ರೀಸ್ ಗಟ್ಟಿಯಾಗಿ ಸಿಕ್ಕಿಕೊಂಡಿದ್ದರೆ ಐಡಲಿನಲ್ಲಿ ಟೈಮಿಂಗ್ ಸರಿಯಾಗಿ ಕಂಡರೂ ವೇಗದಲ್ಲಿ ಹಿಂದುಳಿಯುತ್ತದೆ. ರೋಟರನ್ನು ಬೆರಳಿನಿಂದ ತಿರುಗಿಸಿ ಬಿಟ್ಟಾಗ ಅದು ಸ್ಪ್ರಿಂಗಿನ ಬಲದಿಂದ ತಾನೇ ಹಿಂದಕ್ಕೆ ಬರಬೇಕು. ಒಂದು ಕಿಲೋ ಇ20 ಪೆಟ್ರೋಲಿಗೆ ಬೇಕಾದ ಗಾಳಿ 14.7 ಕಿಲೋಗೆ ಬದಲು 13.5 ಕಿಲೋದಷ್ಟು ಮಾತ್ರವಾದ್ದರಿಂದ, ಪೆಟ್ರೋಲನ್ನು ಅಳೆದು ಬಿಡುವ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಬಿಸಿ ಹೆಚ್ಚುತ್ತದೆ. ಏರಿನಲ್ಲಿ ಓಡಿಸಿ ಬಂದ ಕೂಡಲೇ ತೆಗೆದ ಪ್ಲಗ್ಗಿನ ತುದಿ ಬೆಳ್ಳಗೆ ಸುಟ್ಟಂತಿದ್ದರೆ, ಸೋಲೆಕ್ಸ್ ಕಾರ್ಬ್ಯುರೇಟರಿನಲ್ಲಿ ಮೇನ್ ಜೆಟ್ಟನ್ನು ಒಂದು ನಂಬರ್ ದೊಡ್ಡದು ಮಾಡಿ ನೋಡಬಹುದು.

ರೇಡಿಯೇಟರನ್ನು ಎಂಜಿನ್ ಆರಿಸಿದ ಮೇಲೆ ಅಂಗೈಯಿಂದ ಅಡ್ಡಲಾಗಿ ತಡವಿದಾಗ ನಡುನಡುವೆ ತಣ್ಣಗಿನ ಪಟ್ಟೆಗಳು ಸಿಕ್ಕರೆ ಕೋರ್ ಕಟ್ಟಿದೆ. ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇಲ್ಲದಿದ್ದರೆ ವೇಗದಲ್ಲಿ ಅದು ಚಪ್ಪಟೆಯಾಗಿ ನೀರಿನ ಓಟವನ್ನೇ ತಡೆಯುತ್ತದೆ; ಗಾಡಿ ನಿಂತಾಗ ಮತ್ತೆ ದುಂಡಗಾಗುವುದರಿಂದ ಆಕ್ಸಿಲರೇಟರ್ ಒತ್ತಿಸಿ ನೋಡಿದರೆ ಮಾತ್ರ ಕಾಣುತ್ತದೆ. ಏಳು ಪೌಂಡಿನ ಒತ್ತಡ ತಡೆಯುವ ರೇಡಿಯೇಟರ್ ಮುಚ್ಚಳ ಸರಿಯಾಗಿದ್ದರೆ ನೀರು 110 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ತಡೆಯುತ್ತದೆ, ರಬ್ಬರ್ ಹೋಗಿದ್ದರೆ ಪುಣೆಯ ಎತ್ತರದಲ್ಲಿ 98ಕ್ಕೇ ಕುದಿಯುತ್ತದೆ. ಬಿಸಿಯಿರುವಾಗ ಆ ಮುಚ್ಚಳ ತೆರೆಯಬಾರದೆಂದು ಬೇರೆ ಹೇಳಬೇಕಿಲ್ಲ.

ಹೊರಡುವ ಮುನ್ನ

ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದಿ, ಮತ್ತೆ ಅದೇ ಘಾಟಿಗೆ, ಅದೇ ಭಾರದೊಂದಿಗೆ, ಅದೇ ಹೊತ್ತಿನಲ್ಲಿ ಹೋಗಬೇಕು. ಮೇಲೆ ತಲುಪಿದ ಮೇಲೆ ಎಂಜಿನ್ ಆರಿಸಿ ಹದಿನೈದು ನಿಮಿಷ ಬಾನೆಟ್ ಮುಚ್ಚಿಯೇ ಇಟ್ಟು ಆಮೇಲೆ ಚಾಲೂ ಮಾಡುವುದು ಕಠಿಣ ಪರೀಕ್ಷೆ. ಗಾಳಿಯ ಹರಿವಿಲ್ಲದ ಆ ಹೊತ್ತಿನಲ್ಲೇ ಬಾನೆಟ್ಟಿನೊಳಗಿನ ಬಿಸಿ ತುತ್ತತುದಿಗೆ ಏರುತ್ತದೆ, ಚಹಾಕ್ಕೆಂದು ಧಾಬಾದಲ್ಲಿ ನಿಲ್ಲಿಸಿದಾಗ ಆಗುವುದೂ ಅದೇ. ಬೆಳಗಾವಿಯವರೆಗಿನ ಸುಮಾರು 340 ಕಿಲೋಮೀಟರನ್ನು ಬೇಸಿಗೆಯಲ್ಲಾದರೆ ನಸುಕಿನಲ್ಲೇ ಹೊರಟು, ಬಿಸಿಲೇರುವ ಮುನ್ನ ಖಂಬಾಟ್ಕಿ ದಾಟುವಂತೆ ಯೋಜಿಸುವುದು ಲೇಸು. ಬ್ರೇಕ್ ಲೈನಿಂಗ್, ವೀಲ್ ಬೇರಿಂಗಿನ ಗ್ರೀಸ್, ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್ನಿನ ಸಡಿಲು, ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯ ತಯಾರಿಕೆಯ ವಾರ ಮತ್ತು ವರ್ಷ, ಇವು ಎಲ್ಲ ಹಳೆಯ ಗಾಡಿಗೂ ನೋಡಲೇಬೇಕಾದವು.

ಜೊತೆಗೆ ಒಯ್ಯುವ ಬಿಡಿಭಾಗಗಳು ಡಬ್ಬಿ ಬಿಚ್ಚದ ಹೊಸವಾಗಿರುವುದಕ್ಕಿಂತ, ಇದೇ ಗಾಡಿಯಲ್ಲಿ ಒಂದು ದಿನವಾದರೂ ಓಡಿ ನೋಡಿದವಾಗಿರಬೇಕು: ಪಾಯಿಂಟ್, ಕಂಡೆನ್ಸರ್, ರೋಟರ್, ಫ್ಯಾನ್ ಬೆಲ್ಟ್, ಪಂಪಿನ ಡಯಾಫ್ರಾಮ್, ಎರಡು ಅಡಿ ಹೋಸು ಮತ್ತು ಅದರ ಕ್ಲಾಂಪುಗಳು. ಎರಡನೆಯ ಕಾಯಿಲನ್ನು ಟೂಲ್ ಬಾಕ್ಸಿನಲ್ಲಿಡದೆ, ಓಡುತ್ತಿರುವ ಕಾಯಿಲಿನ ಪಕ್ಕದಲ್ಲೇ, ಎಂಜಿನ್ನಿನಿಂದ ದೂರ ಕ್ಯಾಬಿನ್ನಿನ ಮುಂಗೋಡೆಗೆ ಬಿಗಿದು ವೈರುಗಳು ಅಲ್ಲಿಗೂ ಎಟುಕುವಷ್ಟು ಉದ್ದ ಬಿಟ್ಟರೆ, ಘಾಟಿನ ನಡುವೆ ಸ್ಪ್ಯಾನರ್ ಹುಡುಕದೆ ಮೂರು ವೈರುಗಳನ್ನು ಬದಲಿಸಿ ಮುಂದೆ ಹೊರಡಬಹುದು.